ಹನ್ನೊಂದೂವರೆ ಕೋಟಿ ಕೋಶ, ಒಂದು ಚಿಟಿಕೆ ಕಡ್ಡಿಪುಡಿ

"ರಾತ್ರಿ ಕಾಲು ಇಳಿಬಿಟ್ಟುಕೊಂಡು ಮಲಗ್ತೀರಾ?" ಎಂದು ಕೇಳಿದೆ. ಉತ್ತರ ಕೊಟ್ಟದ್ದು ಹೆಂಡತಿ: "ಮಲಗೋದೆಲ್ಲಿ ಬಂತು ಸಾರ್. ಮಂಚದ ಅಂಚಿಗೆ ಕುಂತೇ ಬೆಳಕು ಹರಿಸ್ತಾರೆ."

ರಕ್ತನಾಳ ಶಸ್ತ್ರಚಿಕಿತ್ಸೆಯ ಹೊರರೋಗಿ ಕೋಣೆಯಲ್ಲಿ ಈ ಒಂದು ಪ್ರಶ್ನೆಗೆ ಸಿಗುವ ಉತ್ತರವೇ ಅರ್ಧ ರೋಗನಿರ್ಣಯ. ಪಾದಕ್ಕೆ ರಕ್ತ ಸಾಲದಾದಾಗ ಅಡ್ಡ ಮಲಗಿದರೆ ನೋವು ಏರುತ್ತದೆ. ಕಾಲು ಇಳಿಬಿಟ್ಟರೆ ಭೂಮಿಯ ಸೆಳೆತಕ್ಕೆ ನಾಲ್ಕು ಹನಿ ಹೆಚ್ಚು ಕೆಳಗಿಳಿಯುತ್ತದೆ, ಅಷ್ಟು ಹೊತ್ತು ಸಮಾಧಾನ. ಹಾಗೆ ತಿಂಗಳುಗಟ್ಟಲೆ ಕೂತವರ ಪಾದ ಊದಿಕೊಂಡು, ತಾಮ್ರದ ತಂಬಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ಈತನದೂ ಹಾಗೇ ಇತ್ತು. ಬಲಗಾಲಿನ ಹೆಬ್ಬೆರಳ ತುದಿ ಒಣಗಿ ಕಪ್ಪಾಗಿತ್ತು. ಪಕ್ಕದಲ್ಲಿ ಎಂಟಾಣೆ ಅಗಲದ ಹುಣ್ಣು.

ಆತನನ್ನು ಇಲ್ಲಿ ಹಮಾಲಿ ಎಂದೇ ಕರೆಯುತ್ತೇನೆ. ಗುರುತು ಹತ್ತಬಾರದೆಂದು ಊರು, ವಯಸ್ಸು, ಮನೆಯ ವಿವರಗಳನ್ನು ಅಷ್ಟಿಷ್ಟು ಬದಲಿಸಿದ್ದೇನೆ. ನಾವು ಎಡವಿದ ಜಾಗಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ, ಬರೆಯುತ್ತಿರುವುದೇ ಅವುಗಳಿಗಾಗಿ.

ಹಿನ್ನೆಲೆ

ಮಧ್ಯ ಕರ್ನಾಟಕದ ಒಂದು ಅಕ್ಕಿ ಗಿರಣಿ. 37 ವರ್ಷ. ಹದಿನೈದನೆಯ ವಯಸ್ಸಿಗೇ ಚೀಲ ಹೊರಲು ನಿಂತವನು, ಅದೇ ವರ್ಷ ಬೀಡಿಯನ್ನೂ ಹಿಡಿದವನು. ದಿನಕ್ಕೆ ಒಂದು ಕಟ್ಟು, ಹಂಗಾಮಿನಲ್ಲಿ ಒಂದೂವರೆ. ಮನೆಯಲ್ಲಿ ಹೆಂಡತಿ ಗುತ್ತಿಗೆಯ ಮೇಲೆ ಬೀಡಿ ಸುತ್ತುತ್ತಿದ್ದಳು. ಈ ಕೊನೆಯ ವಿವರವನ್ನು ನಾನು ಮೊದಲ ಭೇಟಿಯಲ್ಲೇ ಕೇಳಿಸಿಕೊಂಡಿದ್ದೆ, ಫೈಲಿನಲ್ಲಿ 'ಆರ್ಥಿಕ ಸ್ಥಿತಿ' ಎಂಬ ಸಾಲಿನಲ್ಲಿ ಬರೆದೂ ಇದ್ದೆ. ಅದು ಬೇರೆ ಸಾಲಿಗೆ ಸೇರಬೇಕಾದ ಮಾಹಿತಿ ಎಂದು ಹೊಳೆಯಲು ಎರಡು ತಿಂಗಳು ಹಿಡಿಯಿತು.

ಶುರುವಾದದ್ದು ಪಾದದ ಕಮಾನಿನ ನೋವಿನಿಂದ. ಇಪ್ಪತ್ತು ಚೀಲ ಹೊತ್ತರೆ ಅಂಗಾಲು ಹಿಡಿದುಕೊಳ್ಳುತ್ತಿತ್ತು, ನಿಂತರೆ ಬಿಡುತ್ತಿತ್ತು. ಉಳುಕು ಎಂದು ನೀವಿಸಿದರು. ಸೊಂಟದ ನರ ಎಂದು ಒಬ್ಬರು ಮಾತ್ರೆ ಕೊಟ್ಟರು. ನಡುವೆ ಮೀನಖಂಡದಲ್ಲಿ ಚರ್ಮದಡಿ ದಾರದಂತೆ ಕೆಂಪು ಗಂಟುಗಳೆದ್ದು, ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುತ್ತಿದ್ದವು; ಅವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಎಂಟು ತಿಂಗಳು ಹೀಗೇ ಕಳೆದವು. ಉಗುರು ಕತ್ತರಿಸುವಾಗ ತಗುಲಿದ ಒಂದು ಗಾಯ ಮಾಯಲೇ ಇಲ್ಲ.

ಬರ್ಜರ್ ಕಾಯಿಲೆಯನ್ನು ಓದಿದವರಿಗೆ ಈ ಚಿತ್ರ ಅಪರಿಚಿತವಲ್ಲ. 1879ರಲ್ಲಿ ಫೆಲಿಕ್ಸ್ ವಾನ್ ವಿನಿವಾರ್ಟರ್ ಮೊದಲು ವರ್ಣಿಸಿದ, 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಜರ್ ವಿವರವಾಗಿ ಬಿಡಿಸಿಟ್ಟ ರೋಗ. ಕೈಕಾಲಿನ ಸಣ್ಣ ಮತ್ತು ನಡುಗಾತ್ರದ ರಕ್ತನಾಳಗಳು ಉರಿಯೂತದಿಂದ ತುಂಡುತುಂಡಾಗಿ ಮುಚ್ಚಿಕೊಳ್ಳುತ್ತವೆ. ಸಕ್ಕರೆ ಕಾಯಿಲೆಯಲ್ಲೋ ಮುಪ್ಪಿನಲ್ಲೋ ಕಾಣುವ ಕೊಬ್ಬಿನ ಅಡಚಣೆಯಲ್ಲ ಇದು. ಬರುವುದು ಬಹುತೇಕ 50 ದಾಟದ, ತಂಬಾಕು ಬಳಸುವ ಗಂಡಸರಿಗೆ. ನಮ್ಮ ಕಡೆ ಅದಕ್ಕೆ ಬೀಡಿಯವರ ಕಾಯಿಲೆ ಎಂದೇ ಹೆಸರಿಟ್ಟರೂ ತಪ್ಪಿಲ್ಲ.

ಪರೀಕ್ಷೆಗಳು ಅದನ್ನೇ ಹೇಳಿದವು. ಮೊಣಕಾಲ ಹಿಂದೆ ನಾಡಿ ಸಿಗುತ್ತಿತ್ತು, ಪಾದದಲ್ಲಿ ಇಲ್ಲ. ಹರಡಿನ, ಅಂದರೆ ಪಾದದ ಕೀಲಿನ, ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ ಬಂದದ್ದು 0.41, ಆರೋಗ್ಯವಂತರಲ್ಲಿ ಇದು 1ರ ಆಸುಪಾಸು. ಸಿಟಿ ಆಂಜಿಯೋಗ್ರಾಮ್‌ನಲ್ಲಿ ಮೊಣಕಾಲವರೆಗಿನ ನಾಳ ತೊಳೆದಿಟ್ಟಂತೆ ಸ್ವಚ್ಛ. ಅದರ ಕೆಳಗೆ ಮೂರೂ ಕವಲುಗಳು ಮಾಯ, ಅವುಗಳ ಜಾಗದಲ್ಲಿ ಬಿರಡೆ ತೆಗೆಯುವ ತಿರುಪಿನ ಹಾಗೆ ಸುರುಳಿ ಸುತ್ತಿದ ಎಳೆನಾಳಗಳು. ಸಕ್ಕರೆ ಇಲ್ಲ, ಹೃದಯದಿಂದ ಹೆಪ್ಪು ಹಾರಿಬಂದ ಸುಳಿವಿಲ್ಲ. ಎಡಗೈಯ ಅಂಗೈಗೂ ರಕ್ತ ನಿಧಾನವಾಗಿ ಮರಳುತ್ತಿತ್ತು. ಅದನ್ನು ಬರೆದಿಟ್ಟೆವು, ಆದರೆ ಕೈ ನೋಯುತ್ತಿರಲಿಲ್ಲವಾದ್ದರಿಂದ ಎಲ್ಲರ ಕಣ್ಣೂ ಕಾಲಿನ ಮೇಲೇ ಇತ್ತು.

ಕತ್ತರಿಸುವ ಸಲಹೆ

ನಮ್ಮಲ್ಲಿಗೆ ಬರುವ ಮೊದಲು ಇಬ್ಬರು ವೈದ್ಯರು ಮೊಣಕಾಲ ಕೆಳಗೆ ಕತ್ತರಿಸಲು ಹೇಳಿದ್ದರು. ಅವರನ್ನು ದೂರುವಂತಿಲ್ಲ. ಮುಚ್ಚಿದ ನಾಳ ದಾಟಿಸಿ ಬೈಪಾಸ್ ಮಾಡಬೇಕೆಂದರೆ ಆಚೆ ದಡದಲ್ಲಿ ಹೊಲಿಗೆ ಹಾಕಲು ಒಂದು ಒಳ್ಳೆಯ ನಾಳ ಬೇಕು. ಬರ್ಜರ್‌ನಲ್ಲಿ ದಡವೇ ಇರುವುದಿಲ್ಲ. ತಂತಿ ತೂರಿಸಿ ಬಲೂನು ಉಬ್ಬಿಸಲು ನಾವು ಒಮ್ಮೆ ಪ್ರಯತ್ನಿಸಿದೆವು. ತಂತಿ ಹರಡಿನ ಮೇಲೇ ನಿಂತಿತು.

ಉಳಿದದ್ದನ್ನು ಮಾಡಿದೆವು. ರಕ್ತನಾಳ ಹಿಗ್ಗಿಸುವ ಸಿಲೋಸ್ಟಜಾಲ್, ಆಸ್ಪಿರಿನ್, ಗಾಯದ ಆರೈಕೆ, ನೋವಿನ ಔಷಧಿ. ಸೊಂಟದ ಬಳಿ ನಾಳಗಳನ್ನು ಬಿಗಿಹಿಡಿಯುವ ನರಗಳಿಗೆ ಚುಚ್ಚುಮದ್ದು ಕೊಟ್ಟು ಮಂಕಾಗಿಸಿದೆವು. ಪಾದ ಬೆಚ್ಚಗಾಯಿತು, ಮೂರು ವಾರ ನೋವು ಇಳಿಯಿತು, ನಾಲ್ಕನೆಯ ವಾರ ಮರಳಿತು. ಮೊದಲ ದಿನದಿಂದಲೂ ಹೇಳಿದ ಮಾತೊಂದೇ: ಬೀಡಿ ಬಿಡಬೇಕು. ಇದು ಉಪದೇಶವಲ್ಲ. ಈ ರೋಗದ ಓಟವನ್ನು ನಿಲ್ಲಿಸುತ್ತದೆಂದು ಖಚಿತವಾಗಿ ಗೊತ್ತಿರುವ ಚಿಕಿತ್ಸೆ ಅದೊಂದೇ. ಕೊಳೆತ ಶುರುವಾಗುವ ಮೊದಲೇ ಪೂರ್ತಿ ಬಿಟ್ಟವರಲ್ಲಿ ಅಂಗ ಕತ್ತರಿಸುವ ಪ್ರಸಂಗ ಬರುವುದು ಅಪರೂಪ.

"ಬಿಟ್ಟೆ ಸಾರ್, ಸೇದಿಲ್ಲ" ಎಂದ, ಎರಡನೆಯ ಭೇಟಿಯಲ್ಲಿ. ಹೆಂಡತಿಯೂ ತಲೆಯಾಡಿಸಿದಳು. ನಂಬಿದೆ.

ಬೇರೊಂದು ಬಾಗಿಲು

ಮೂರನೆಯ ಭೇಟಿಗೆ ಆತನ ತಮ್ಮ ಜೊತೆಗೆ ಬಂದ, ಕೈಯಲ್ಲಿ ಹೊಳೆಯುವ ಕಾಗದದ ಕರಪತ್ರ. ದೊಡ್ಡ ಊರಿನ ಒಂದು ಖಾಸಗಿ ಕ್ಲಿನಿಕ್ಕು. ಹೊಟ್ಟೆಯ ಕೊಬ್ಬು ತೆಗೆದು, ಅದರಿಂದ ಸ್ಟೆಮ್ ಸೆಲ್ (ಕಾಂಡಕೋಶ) ಬೇರ್ಪಡಿಸಿ, ಅದೇ ದಿನ ರಕ್ತನಾಳಕ್ಕೆ ಹರಿಸುತ್ತಾರಂತೆ. "ಹೊಸ ರಕ್ತನಾಳ ಬೆಳೆಯುತ್ತದೆ" ಎಂದು ಬಣ್ಣದ ಚಿತ್ರ. ಅದೇ ಕರಪತ್ರದಲ್ಲಿ ಆಟಿಸಂ, ಮೂತ್ರಪಿಂಡ, ಕೂದಲು ಉದುರುವಿಕೆಗಳಿಗೂ ಅದೇ ಚಿಕಿತ್ಸೆ. ಮುಂಗಡವಾಗಿ ಐವತ್ತು ಸಾವಿರ ಕಟ್ಟಿಯಾಗಿತ್ತು. ಗಿರಣಿ ಮಾಲೀಕರ ಸಾಲ, ಸ್ತ್ರೀಶಕ್ತಿ ಸಂಘದ ಸಾಲ, ಹೆಂಡತಿಯ ಓಲೆ ಸೇರಿ ಉಳಿದದ್ದು ಜಮೆಯಾಗುತ್ತಿತ್ತು.

ನನ್ನೊಳಗಿನ ಮೊದಲ ಪ್ರತಿಕ್ರಿಯೆ ಸಿಟ್ಟು. ಆದರೆ ಸಿಟ್ಟು ಮಾಡಿದರೆ ಕುಟುಂಬ ಎದ್ದು ಅಲ್ಲಿಗೇ ಹೋಗುತ್ತದೆ. ಇದನ್ನು ಹಿಂದೆ ಒಮ್ಮೆ ಕಲಿತಿದ್ದೆ. ತಮ್ಮ ಐಟಿಐ ಓದಿದ ಚುರುಕು ಹುಡುಗ. ಕೂರಿಸಿಕೊಂಡು ಕಾಗದದ ಮೇಲೆ ಗೀಚಿದೆ.

ಮೀಸೆಂಕೈಮಲ್ ಕಾಂಡಕೋಶಗಳೆಂದರೆ ಮೂಳೆಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿಗಳಲ್ಲಿ ಸಿಗುವ ಒಂದು ಬಗೆಯ ಕೋಶಗಳು. ಮಜ್ಜೆಯಲ್ಲಂತೂ ಹತ್ತು ಸಾವಿರದಿಂದ ಲಕ್ಷ ಕೋಶಗಳಿಗೆ ಒಂದು ಸಿಕ್ಕರೆ ಹೆಚ್ಚು. ಪ್ಲಾಸ್ಟಿಕ್ ತಟ್ಟೆಗೆ ಅಂಟಿಕೊಂಡು ಬೆಳೆಯಬೇಕು. ಮೇಲ್ಮೈಯಲ್ಲಿ ಸಿಡಿ73, ಸಿಡಿ90, ಸಿಡಿ105 ಎಂಬ ಗುರುತುಗಳಿರಬೇಕು, ರಕ್ತಕೋಶದ ಗುರುತುಗಳಿರಬಾರದು. ಪ್ರಯೋಗಾಲಯದಲ್ಲಿ ಮೂಳೆ, ಮೃದ್ವಸ್ಥಿ, ಕೊಬ್ಬು ಮೂರೂ ಆಗಿ ತೋರಿಸಬೇಕು. ಅಂತರರಾಷ್ಟ್ರೀಯ ಕೋಶಚಿಕಿತ್ಸಾ ಸಂಘ 2006ರಲ್ಲಿ ಹಾಕಿಕೊಟ್ಟ ಕನಿಷ್ಠ ಅಳತೆ ಇದು. ಕೊಬ್ಬನ್ನು ಕಡೆದು, ಸೋಸಿ, ಎರಡು ಗಂಟೆಯಲ್ಲಿ ಹಿಂದಿರುಗಿಸುವ ದ್ರವದಲ್ಲಿ ಹತ್ತಾರು ಬಗೆಯ ಕೋಶಗಳ ಗೊಜ್ಜಿರುತ್ತದೆ. ಅದರಲ್ಲಿ ಏನೆಷ್ಟಿದೆ ಎಂದು ಹರಿಸುವವರಿಗೇ ತಿಳಿದಿರುವುದಿಲ್ಲ. ಇನ್ನು ಕೈಯ ರಕ್ತನಾಳಕ್ಕೆ ಹರಿಸಿದರೆ ಈ ದೊಡ್ಡ ಗಾತ್ರದ ಕೋಶಗಳ ಬಹುಪಾಲು ಮೊದಲು ಸಿಕ್ಕಿಬೀಳುವುದು ಶ್ವಾಸಕೋಶದ ಜರಡಿಯಲ್ಲಿ. ಕಾಲು ಎಲ್ಲಿ, ಎದೆ ಎಲ್ಲಿ!

"ಹಾಗಾದ್ರೆ ಸ್ಟೆಮ್ ಸೆಲ್ ಅನ್ನೋದೇ ಮೋಸನಾ ಸಾರ್?" ಎಂದ ತಮ್ಮ.

ಈ ಪ್ರಶ್ನೆಗೆ ಹೌದು ಎಂದುಬಿಡುವುದು ಸುಲಭವಿತ್ತು. ಪ್ರಾಮಾಣಿಕವಲ್ಲ. ಮಜ್ಜೆ ಬದಲಾವಣೆಯ ನಂತರ ದಾನಿಯ ರಕ್ಷಣಾಕೋಶಗಳು ರೋಗಿಯ ದೇಹದ ಮೇಲೇ ತಿರುಗಿಬೀಳುವ ಸ್ಥಿತಿಗೆ ಜಪಾನಿನಲ್ಲಿ 2015ರಲ್ಲಿ, ಮಕ್ಕಳ ಮಟ್ಟಿಗೆ ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಈ ಕೋಶಗಳಿಗೆ ಔಷಧಿಯ ಮಾನ್ಯತೆ ಸಿಕ್ಕಿದೆ. ದಕ್ಷಿಣ ಕೊರಿಯಾದಲ್ಲಿ ಮೊಣಕಾಲಿನ ಮೃದ್ವಸ್ಥಿಗೆ 2012ರಿಂದಲೇ ಇದೆ. ನಮ್ಮ ಹಮಾಲಿಗೆ ಇವುಗಳಿಗಿಂತ ಹತ್ತಿರದ್ದು ಬೆಂಗಳೂರಿನಲ್ಲೇ ಇತ್ತು: ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಸ್ಟೆಂಪ್ಯೂಸೆಲ್. ಆರೋಗ್ಯವಂತ ದಾನಿಗಳ ಮೂಳೆಮಜ್ಜೆಯ ಕೋಶಗಳನ್ನು ಬೆಳೆಸಿ, ಒಟ್ಟುಗೂಡಿಸಿ, ಹೆಪ್ಪುಗಟ್ಟಿಸಿ ಇಟ್ಟ ಉತ್ಪನ್ನ. ಬರ್ಜರ್‌ನಿಂದ ಕಾಲು ಕಳೆದುಕೊಳ್ಳುವ ಹಂತದವರಿಗಾಗಿ ದೇಶದ ಔಷಧ ಮಹಾನಿಯಂತ್ರಕರು 2016ರಲ್ಲಿ ಮಿತಿ ಹಾಕಿ, 2020ರಲ್ಲಿ ಪೂರ್ಣವಾಗಿ ಒಪ್ಪಿಗೆ ಕೊಟ್ಟಿದ್ದರು.

ಎರಡಕ್ಕೂ ಸ್ಟೆಮ್ ಸೆಲ್ ಎಂದೇ ಹೆಸರು. ತಮ್ಮನಿಗೆ ನಾಲ್ಕು ಪ್ರಶ್ನೆ ಬರೆದುಕೊಟ್ಟು ಕ್ಲಿನಿಕ್ಕಿಗೆ ಫೋನು ಮಾಡಲು ಹೇಳಿದೆ. ಈ ಉತ್ಪನ್ನಕ್ಕೆ ಔಷಧ ನಿಯಂತ್ರಕರ ಪರವಾನಗಿ ಸಂಖ್ಯೆ ಏನು? ಇದು ಪ್ರಯೋಗವಾದರೆ ನೋಂದಣಿ ಸಂಖ್ಯೆ ಏನು, ಪ್ರಯೋಗಕ್ಕೆ ನಮ್ಮಿಂದ ದುಡ್ಡು ಯಾಕೆ? ಎಷ್ಟು ಕೋಶ, ಎಣಿಸಿದವರು ಯಾರು? ಕಾಲಿನ ಹುಣ್ಣಿಗೆ ಕೈಗೆ ಯಾಕೆ ಹಾಕುತ್ತೀರಿ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಮಾನ್ಯತೆ ಇಲ್ಲದ ಕಾಂಡಕೋಶ ಚಿಕಿತ್ಸೆಯನ್ನು ಪ್ರಯೋಗದ ಹೊರಗೆ ಕೊಡುವಂತಿಲ್ಲ ಎಂದು ಸ್ಪಷ್ಟವಾಗಿದೆ, ಆದರೆ ಆ ಕಡತವನ್ನು ಹಮಾಲಿಯ ತಮ್ಮನ ಮುಂದೆ ಹಿಡಿದು ಏನು ಪ್ರಯೋಜನ? ಪ್ರಶ್ನೆ ಅವನ ಬಾಯಿಂದಲೇ ಹೋಗಬೇಕಿತ್ತು.

ಹೋಯಿತು. ಮೊದಲ ಪ್ರಶ್ನೆಗೇ ಆ ಕಡೆಯವರ ದನಿ ಬದಲಾಯಿತಂತೆ. ಮುಂಗಡದಲ್ಲಿ ಅರ್ಧ ವಾಪಸು ಬಂತು.

ನನ್ನ ಅಳುಕು

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಕರಪತ್ರವನ್ನು ಹರಿದು ಹಾಕಿದಷ್ಟು ಧೈರ್ಯದಿಂದ ನಾನು ಮಾನ್ಯತೆ ಪಡೆದ ಉತ್ಪನ್ನವನ್ನೂ ಹಿಡಿದಿರಲಿಲ್ಲ. ಅದರ ಎರಡನೆಯ ಹಂತದ ಪ್ರಯೋಗ ನಡೆದದ್ದು 90 ಬರ್ಜರ್ ರೋಗಿಗಳಲ್ಲಿ. ದೇಹತೂಕದ ಪ್ರತಿ ಕಿಲೋಗೆ 10 ಲಕ್ಷ ಕೋಶ, 20 ಲಕ್ಷ ಕೋಶ, ಬರೀ ಮಾಮೂಲಿ ಚಿಕಿತ್ಸೆ ಎಂದು ಮೂರು ಗುಂಪು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 20 ಲಕ್ಷದ ಗುಂಪಿನವರ ನೋವು ಮತ್ತು ಹುಣ್ಣು ಎರಡೂ ಮಾಮೂಲಿ ಚಿಕಿತ್ಸೆಯವರಿಗಿಂತ ಚೆನ್ನಾಗಿ ಇಳಿದಿದ್ದವು. ಆದರೆ ಯಾರಿಗೆ ಯಾವುದು ಎಂದು ಚೀಟಿ ಎತ್ತಿ ಹಂಚಿರಲಿಲ್ಲ, ಯಾರಿಗೆ ಏನು ಸಿಕ್ಕಿತೆಂದು ವೈದ್ಯರಿಗೂ ರೋಗಿಗಳಿಗೂ ಗೊತ್ತಿತ್ತು. ನೋವಿನ ಅಂಕವನ್ನು ಹೇಳುವವನು ರೋಗಿಯೇ ಆದಾಗ ಇದು ಸಣ್ಣ ಮಾತಲ್ಲ.

ಒಪ್ಪಿಗೆ ಸಿಕ್ಕ ಮೇಲೂ ಕೋಶಚಿಕಿತ್ಸೆ ಬಿದ್ದುಹೋದ ಉದಾಹರಣೆ ಕಣ್ಣೆದುರಿಗಿದೆ. ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯಲ್ಲಿ ಆಗುವ ಭಗಂದರಕ್ಕೆ ಕೊಬ್ಬಿನ ಮೂಲದ ಇಂಥದೇ ಕೋಶಗಳ ಅಲೋಫಿಸೆಲ್‌ಗೆ ಯುರೋಪು 2018ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಆಮೇಲಿನ ದೊಡ್ಡ ಪ್ರಯೋಗದಲ್ಲಿ ಅದು ಹುಸಿಮದ್ದಿಗಿಂತ ಮೇಲೆಂದು ಸಾಬೀತಾಗಲಿಲ್ಲ. 2024ರ ಕೊನೆಗೆ ಮಾರುಕಟ್ಟೆಯಿಂದ ಹೊರಬಿತ್ತು.

ಆದರೂ ಮುಂದಿದ್ದ ಆಯ್ಕೆಗಳು ಎರಡೇ. ಕಾಲು ಕತ್ತರಿಸುವುದು ಅಥವಾ ಸುರಕ್ಷತೆಯ ಮಟ್ಟಿಗೆ ಒಳ್ಳೆಯ ದಾಖಲೆಯಿರುವ, ಫಲದ ಮಟ್ಟಿಗೆ ಭರವಸೆ ಹುಟ್ಟಿಸುವ ಒಂದನ್ನು ಪ್ರಯತ್ನಿಸಿ ನೋಡುವುದು. ಚೀಲ ಹೊರುವವನಿಗೆ ಒಂದು ಕಾಲೆಂದರೆ ಒಂದು ಕಾಲಲ್ಲ. ದಂಪತಿಗೆ ಹೀಗೆಂದೆ: "ಕೆಲಸ ಮಾಡಬಹುದು, ಮಾಡದೆಯೂ ಇರಬಹುದು. ಮಾಡಿದರೂ ಬೆರಳು ಉಳಿಯುವುದಿಲ್ಲ, ಪಾದ ಉಳಿಯಬಹುದು. ತಂಬಾಕು ಇದ್ದರೆ ಹಾಕುವುದೇ ವ್ಯರ್ಥ." ದಿನಾಂಕ ಗೊತ್ತಾಯಿತು.

ಮೂತ್ರದಲ್ಲಿ ಸಿಕ್ಕ ಸತ್ಯ

ಕೋಶಗಳನ್ನು ತರಿಸುವ ಮೊದಲು ಮೂತ್ರದಲ್ಲಿ ಕೊಟಿನಿನ್ ನೋಡುವುದು ನಮ್ಮ ಘಟಕದ ರೂಢಿ. ನಿಕೋಟಿನ್ ದೇಹದಲ್ಲಿ ಕರಗಿ ಆಗುವ ವಸ್ತು ಅದು, ಕೊನೆಯ ಕೆಲವು ದಿನಗಳ ಲೆಕ್ಕವನ್ನು ಬಾಯಿಬಿಡುತ್ತದೆ. ಹಮಾಲಿಯದು ಎತ್ತರಕ್ಕಿತ್ತು. ಪಕ್ಕದವರ ಹೊಗೆ ಕುಡಿದರೆ ಬರುವಷ್ಟಲ್ಲ, ತಾನೇ ಬಳಸುವವನಷ್ಟು.

ಕಿರಿಯ ವೈದ್ಯರೊಬ್ಬರು "ಸುಳ್ಳು ಹೇಳಿದ್ದಾನೆ, ಕೈಬಿಡೋಣ" ಎಂದರು. ಆತನನ್ನು ಕರೆದು ಕೇಳಿದೆ. ಕಣ್ಣಲ್ಲಿ ನೀರು ತುಂಬಿ, ಮಗಳ ತಲೆ ಮುಟ್ಟಿ ಆಣೆ ಮಾಡಿದ: ಸೇದಿಲ್ಲ. ಆತ ಹೊರಗೆ ಹೋದ ಮೇಲೆ ಹೆಂಡತಿ ಬಾಗಿಲಲ್ಲೇ ನಿಂತಳು. ಅವಳ ಬೆರಳ ತುದಿಗಳು ಕಂದುಹಳದಿ. ಆಗ ನನಗೆ ಫೈಲಿನ ಆ 'ಆರ್ಥಿಕ ಸ್ಥಿತಿ'ಯ ಸಾಲು ನೆನಪಾಯಿತು.

"ಮನೇಲಿ ಕೂತು ಏನು ಮಾಡ್ತಾರೆ?"

"ಪಾಪ, ಸುಮ್ನೆ ಕೂರಂಗಿಲ್ಲ ಸಾರ್. ನನ್ ಜೊತೆ ಎಲೆ ಕತ್ತರಿಸಿ ಬೀಡಿ ಸುತ್ತಿ ಕೊಡ್ತಾರೆ. ಹಂಗಾಗೇ ಈಗ ಎರಡು ಪಟ್ಟು ಕಟ್ಟು ಆಗ್ತಾವೆ."

ಬೀಡಿ ಸುತ್ತುವವರ ಚರ್ಮದಿಂದಲೂ ಉಸಿರಿನಿಂದಲೂ ನಿಕೋಟಿನ್ ಒಳಸೇರುತ್ತದೆ; ಒಂದೂ ಸೇದದ ಹೆಂಗಸರ ಮೂತ್ರದಲ್ಲೂ ಕೊಟಿನಿನ್ ಕಾಣಿಸುತ್ತದೆ. ಆದರೂ ಈ ಮಟ್ಟಕ್ಕೆ ಅದೊಂದೇ ಕಾರಣವೆಂದು ನನಗೆ ಅನ್ನಿಸಲಿಲ್ಲ. ಮರುದಿನ ನಮ್ಮ ಆಪ್ತಸಮಾಲೋಚಕಿ ಆತನೊಂದಿಗೆ ಊಟದ ಬಗ್ಗೆ, ಗಿರಣಿಯ ಬಗ್ಗೆ ಮಾತಾಡುತ್ತಾ "ಬಾಯಿ ಸಪ್ಪೆ ಅನ್ನಿಸಲ್ವಾ?" ಎಂದು ಕೇಳಿದರಂತೆ. ಆತ ನಗುತ್ತಾ ಅಂಗಿಯ ಒಳಜೇಬಿನಿಂದ ಪೊಟ್ಟಣ ತೆಗೆದ. ಕಡ್ಡಿಪುಡಿ. ಬೀಡಿ ಬಿಟ್ಟ ದಿನದಿಂದ ದವಡೆಯಲ್ಲಿ ಚಿಟಿಕೆ ಚಿಟಿಕೆ. ಮುಚ್ಚಿಟ್ಟದ್ದಲ್ಲ ಅದು. ಡಾಕ್ಟರು ಬಿಡಲು ಹೇಳಿದ್ದು ಸೇದುವುದನ್ನು, ಇದು ಸೇದುವುದಲ್ಲವಲ್ಲ.

ತಪ್ಪು ನನ್ನದು. ಎರಡು ತಿಂಗಳು "ಸೇದುತ್ತೀರಾ?" ಎಂದು ಕೇಳಿ, ಅದಕ್ಕೆ ಸಿಕ್ಕ ನಿಜವಾದ ಉತ್ತರವನ್ನು ಬೇರೆ ಪ್ರಶ್ನೆಯ ಉತ್ತರವೆಂದು ಬರೆದುಕೊಂಡಿದ್ದೆ. ಹೊಗೆಯಿಲ್ಲದ ತಂಬಾಕೂ ಬರ್ಜರ್‌ನ ಬೆಂಕಿಗೆ ಸೌದೆಯೇ. ನಿಕೋಟಿನ್ ಗಮ್ ಕೊಡಲು ಸಹ ನಾವು ಹಿಂಜರಿಯುವ ರೋಗ ಇದು.

ಈಗ ತೀರ್ಮಾನ. ಕೋಶಗಳ ದಿನಾಂಕ ಉಳಿಸಿಕೊಳ್ಳುವುದೋ, ಮುಂದೂಡುವುದೋ? ಹೆಬ್ಬೆರಳು ಸಾಯುತ್ತಿತ್ತು, ಪ್ರತಿ ವಾರಕ್ಕೂ ಬೆಲೆಯಿತ್ತು. ಮುಂದೂಡಿದೆವು. ಎರಡು ಬಾರಿ ಕೊಟಿನಿನ್ ಇಲ್ಲವೆಂದು ಬಂದ ಮೇಲೆಯೇ ಎಂದು ನಿರ್ಧರಿಸಿದೆವು. ಐದು ವಾರ ಹಿಡಿಯಿತು. ಆ ಐದು ವಾರದಲ್ಲಿ ಎರಡನೆಯ ಬೆರಳೂ ಕಪ್ಪಾಯಿತು. ಆ ನಿರ್ಧಾರ ಸರಿಯೆಂದು ಇವತ್ತಿಗೂ ಅನ್ನುತ್ತೇನೆ, ಆದರೆ ಎರಡನೆಯ ಬೆರಳಿನ ವಿಷಯ ಬಂದಾಗ ದನಿ ಇಳಿಯುತ್ತದೆ.

ಈ ಅವಧಿಯ ಅತಿ ಕಷ್ಟದ ಕೆಲಸವನ್ನು ಮಾಡಿದವಳು ಹೆಂಡತಿ. ಆತ ದುಡಿಯದೆ ಎಂಟು ತಿಂಗಳಾಗಿತ್ತು, ಮನೆಯ ಒಲೆ ಉರಿಯುತ್ತಿದ್ದದ್ದು ಅವಳು ಸುತ್ತಿದ ಬೀಡಿಯಿಂದ. ಅದನ್ನು ಮನೆಯೊಳಗೆ ಮಾಡಬೇಡ ಎಂದು ಹೇಳುವ ಹಕ್ಕು ನನಗೆಲ್ಲಿದೆ? ಆಪ್ತಸಮಾಲೋಚಕಿ ಗಿರಣಿ ಮಾಲೀಕರೊಂದಿಗೆ ಮಾತಾಡಿದರು. ಅಕ್ಕಿ ಹಸನು ಮಾಡುವ ಸಾಲಿನಲ್ಲಿ ಅವಳಿಗೆ ಜಾಗ ಸಿಕ್ಕಿತು. ಕೂಲಿ ಬೀಡಿಗಿಂತ ತುಸು ಹೆಚ್ಚೇ. ಆದರೆ ಬೆಳಗ್ಗೆ ಎಂಟಕ್ಕೆ ಮನೆ ಬಿಡಬೇಕು, ಮಗಳನ್ನು ಅತ್ತಿಗೆಯ ಮನೆಯಲ್ಲಿ ಬಿಡಬೇಕು. ಮೊರ, ಕತ್ತರಿ, ತಂಬಾಕಿನ ಡಬ್ಬಿ ಪಕ್ಕದ ಮನೆಗೆ ಹೋದವು.

ಚುಚ್ಚಿದ ದಿನ

ಹೇಳಿಕೊಳ್ಳುವಷ್ಟು ನಾಟಕವೇನೂ ಇರಲಿಲ್ಲ. ದ್ರವ ಸಾರಜನಕದ ಚಳಿಯಲ್ಲಿ ಕೋಶಗಳ ಚೀಲ ಬಂತು. 37 ಡಿಗ್ರಿಯ ನೀರಿನಲ್ಲಿ ಕರಗಿಸಿ, ಬದುಕಿರುವ ಕೋಶಗಳ ಪ್ರಮಾಣ ನೋಡಿ, ತಡಮಾಡದೆ ಬಳಸಬೇಕು. ಆತನ ತೂಕ 58 ಕಿಲೋ. ಕಿಲೋಗೆ 20 ಲಕ್ಷದಂತೆ 11.6 ಕೋಟಿ ಕೋಶ. ಸೊಂಟದ ಕೆಳಗೆ ಮರಗಟ್ಟಿಸಿ, ಮೀನಖಂಡದ ಮೇಲೆ ಪೆನ್ನಿನಿಂದ ಚೌಕುಳಿ ಬರೆದು, ಸುಮಾರು ಐವತ್ತು ಕಡೆ ಸ್ನಾಯುವಿನೊಳಗೆ ಚುಚ್ಚಿದೆವು. ಹುಣ್ಣಿನ ಸುತ್ತ ಇನ್ನಷ್ಟು. ಮುಗಿದಾಗ ಕಾಲು ಚುಕ್ಕಿ ರಂಗೋಲಿಯ ಹಾಗಿತ್ತು.

ದಾನಿ ಯಾರು, ರಕ್ತದ ಗುಂಪು ಹೊಂದಬೇಡವೇ ಎಂದು ತಮ್ಮ ಕೇಳಿದ್ದ. ಒಳ್ಳೆಯ ಪ್ರಶ್ನೆ. ರಕ್ಷಣಾವ್ಯವಸ್ಥೆ ಪರಕೀಯರನ್ನು ಗುರುತಿಸುವ ಬಾವುಟಗಳು ಈ ಕೋಶಗಳ ಮೇಲೆ ಕಡಿಮೆ, ಸುತ್ತಲಿನ ಉರಿಯೂತವನ್ನೂ ಅವು ತಣಿಸುತ್ತವೆ. ಹಾಗಾಗಿ ಹೊಂದಾಣಿಕೆ ನೋಡದೆ ಬಳಸಬಹುದು. ಹಾಗೆಂದು ಅವು ಅಲ್ಲೇ ಬೇರುಬಿಡುವುದೂ ಇಲ್ಲ. ಬೀಜ ಬಿತ್ತಿದಂತೆ ಕೋಶ ಹಾಕಿದರೆ ರಕ್ತನಾಳ ಬೆಳೆಯುತ್ತದೆ ಎಂಬ ಕರಪತ್ರದ ಚಿತ್ರ ತಪ್ಪುವುದು ಇಲ್ಲೇ. ಇವು ಕೆಲವು ದಿನ ಬದುಕಿ, ನಾಳ ಚಿಗುರಿಸುವ ವಿಇಜಿಎಫ್‌ನಂಥ ಸಂದೇಶವಸ್ತುಗಳನ್ನು ಸ್ರವಿಸಿ ಹೋಗಿಬಿಡುತ್ತವೆ. ಚಿಗುರಬೇಕಾದದ್ದು ರೋಗಿಯದೇ ಅಂಗಾಂಶ. ಹೊಲಕ್ಕೆ ಬಂದುಹೋಗುವ ಕೃಷಿ ಅಧಿಕಾರಿಯ ಹಾಗೆ ಎಂದು ತಮ್ಮನಿಗೆ ಹೇಳಿದೆ, ಉತ್ತುಬಿತ್ತುವವರು ನೀವೇ. "ನಮ್ಮೂರಿಗೆ ಬರೋನು ಬಂದೇ ಹೋಗಲ್ಲ ಸಾರ್" ಎಂದು ನಕ್ಕ. 1991ರಲ್ಲಿ ಇವಕ್ಕೆ ಮೀಸೆಂಕೈಮಲ್ ಸ್ಟೆಮ್ ಸೆಲ್ ಎಂದು ಹೆಸರಿಟ್ಟ ಆರ್ನಾಲ್ಡ್ ಕ್ಯಾಪ್ಲನ್ ಅವರೇ ಮುಂದೆ ಆ ಹೆಸರು ಬದಲಿಸಿ ಎಂದು ಕೇಳಿಕೊಂಡಿದ್ದು ಇದೇ ಕಾರಣಕ್ಕೆ. ಸ್ಟೆಮ್ ಸೆಲ್ ಎಂಬ ಪದ ಇಲ್ಲದಿದ್ದರೆ ಆ ಕರಪತ್ರವನ್ನು ಹೇಗೆ ಬರೆಯುತ್ತಿದ್ದರೋ ನಾ ಕಾಣೆ.

ಆಮೇಲಿನ ತಿಂಗಳುಗಳು

ಮೊದಲ ಎರಡು ವಾರ ಏನೂ ಇಲ್ಲ. ಒಂದು ದಿನ ಸಣ್ಣ ಜ್ವರ, ಮೀನಖಂಡ ಬಿಗಿತ. ಹೆಂಡತಿಯ ಮುಖದಲ್ಲಿ ಓಲೆಯ ಲೆಕ್ಕ ಕಾಣುತ್ತಿತ್ತು.

ಐದನೆಯ ವಾರ ಫೋನು ಮಾಡಿದ್ದು ತಮ್ಮ. ಅಣ್ಣ ರಾತ್ರಿ ಎರಡು ಗಂಟೆ ಅಡ್ಡ ಮಲಗಿದನಂತೆ. ವಾರ ಕಳೆದಂತೆ ಎರಡು ನಾಲ್ಕಾಯಿತು. ನೋವಿನ ಮಾತ್ರೆ ದಿನಕ್ಕೆ ಆರರಿಂದ ಎರಡಕ್ಕೆ ಇಳಿಯಿತು. ಕಪ್ಪಾದ ಬೆರಳುಗಳನ್ನು ಬೇಗ ತೆಗೆಯಲು ಒತ್ತಾಯವಿತ್ತು. ಸತ್ತದ್ದಕ್ಕೂ ಬದುಕಿದ್ದಕ್ಕೂ ನಡುವೆ ಗೆರೆ ತಾನಾಗಿ ಮೂಡುವವರೆಗೆ ಕಾಯೋಣ, ಸೋಂಕು ಬಂದರಷ್ಟೇ ಆತುರ ಎಂದು ಹಿಡಿದುಕೊಂಡೆವು. ಎಂಟನೆಯ ವಾರ ಗೆರೆ ಸ್ಪಷ್ಟವಾಯಿತು. ಎರಡು ಬೆರಳುಗಳನ್ನು ಬುಡದಲ್ಲಿ ತೆಗೆದಾಗ ಅಂಚಿನಲ್ಲಿ ರಕ್ತ ಜಿನುಗಿತು. ಬರ್ಜರ್ ಪಾದದಲ್ಲಿ ಕತ್ತಿಯಂಚಿಗೆ ರಕ್ತ ಕಂಡರೆ ಶಸ್ತ್ರವೈದ್ಯನಿಗೆ ಆಗುವ ಖುಷಿ ವಿಚಿತ್ರವಾದದ್ದು.

ಹುಣ್ಣು ಆರನೆಯ ತಿಂಗಳಿಗೆ ಮುಚ್ಚಿತು. ಆಗ ಮತ್ತೆ ಅಳೆದೆವು. ಹರಡಿನ ಅನುಪಾತ 0.41ರಿಂದ 0.48. ಇಷ್ಟೇ. ಚರ್ಮದ ಆಮ್ಲಜನಕ ಮಾತ್ರ ಗಾಯ ಮಾಯುವ ಮಟ್ಟಕ್ಕೆ ಏರಿತ್ತು. ಆಂಜಿಯೋಗ್ರಾಮ್‌ನಲ್ಲಿ ಮುಚ್ಚಿದ ಮೂರು ನಾಳಗಳೂ ಮುಚ್ಚಿಯೇ ಇದ್ದವು. ಹೊಸ ಹೆದ್ದಾರಿ ಬಂದಿರಲಿಲ್ಲ, ಎಲ್ಲೋ ಓಣಿಗಳು ಅಗಲವಾಗಿದ್ದವು.

ಯಾವುದರಿಂದ?

ವಿಭಾಗದ ಸಭೆಯಲ್ಲಿ ಈ ಪ್ರಕರಣ ಮಂಡಿಸಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ಎದ್ದುನಿಂತರು. "ನಿನ್ನ ರೋಗಿ ಕೋಶ ಹಾಕುವ ಐದು ವಾರ ಮುಂಚೆ ತಂಬಾಕು ಪೂರ್ತಿ ಬಿಟ್ಟ. ಬಿಟ್ಟವರ ಹುಣ್ಣು ತಿಂಗಳುಗಳಲ್ಲಿ ತಾನಾಗಿಯೂ ಮಾಯುವುದುಂಟು. ಕೋಶಕ್ಕೆ ಯಾಕೆ ಹಾರ ಹಾಕುತ್ತೀ?"

ನನ್ನ ಬಳಿ ಪೂರ್ತಿ ಉತ್ತರ ಇರಲಿಲ್ಲ. ತಂಬಾಕು ನಿಂತ ಐದು ವಾರದಲ್ಲಿ ಕಾಲು ಇನ್ನೂ ಕೆಟ್ಟಿತ್ತು, ಚುಚ್ಚಿದ ಐದು ವಾರಕ್ಕೆ ತಿರುಗಿತು ಎಂದೆ. "ಹತ್ತನೆಯ ವಾರಕ್ಕೆ ತಿರುಗಿತು ಅಂತಲೂ ಓದಬಹುದು" ಎಂದರು. ಹೌದು, ಓದಬಹುದು. ಒಬ್ಬನೇ ರೋಗಿಯಲ್ಲಿ ಎರಡನ್ನೂ ಬಿಡಿಸಲು ಬರುವುದಿಲ್ಲ. ಬೀಡಿ ಬಿಡದವನಿಗೆ ಕೋಶ ಹಾಕಿದ್ದರೆ ಗೊತ್ತಾಗುತ್ತಿತ್ತೇನೋ. ಹಾಗೆ ಮಾಡುವುದು ನಮಗೆ ಬೇಕಿರಲಿಲ್ಲ. ಕೋಶಗಳು ಕಾಲಿಗೆ ಕಾಲಾವಕಾಶ ಕೊಡಿಸಿದವು, ತಂಬಾಕು ಬಿಟ್ಟದ್ದು ಆ ಅವಕಾಶವನ್ನು ಉಳಿಸಿತು ಎಂಬುದು ನನ್ನ ಊಹೆ. ಊಹೆಯಷ್ಟೇ. ಮಂಡನೆಯ ಕೊನೆಯ ಸ್ಲೈಡಿನಲ್ಲಿದ್ದ 'ಕಾಂಡಕೋಶದಿಂದ ಉಳಿದ ಕಾಲು' ಎಂಬ ತಲೆಬರಹವನ್ನು ಅಂದು ಸಂಜೆ ಅಳಿಸಿದೆ.

ಕುಟುಂಬಕ್ಕೆ ಈ ಗೊಂದಲವಿಲ್ಲ. ಊರಲ್ಲಿ ಆತ "ಇಂಜೆಕ್ಷನ್ ಕಾಲಿನವನು". ಆತನನ್ನು ನೋಡಿ ನಮ್ಮಲ್ಲಿಗೆ ಬಂದ ಇಬ್ಬರು ಬರ್ಜರ್ ರೋಗಿಗಳು ಬಾಗಿಲಲ್ಲೇ ಕೇಳಿದ್ದು ಇಂಜೆಕ್ಷನ್ನಿಗೆ ಎಷ್ಟು ಎಂದು. ಹೆಂಡತಿ ಬಿಟ್ಟ ಕೆಲಸದ ಬಗ್ಗೆ, ಪಕ್ಕದ ಮನೆಗೆ ಹೋದ ಮೊರದ ಬಗ್ಗೆ ಅವರಿಗೆ ಯಾರೂ ಹೇಳಿರಲಿಲ್ಲ. ಯಶಸ್ಸಿನ ಕಥೆ ಊರೂರು ಸುತ್ತುವಾಗ ಅದರ ಯಾವ ಭಾಗ ಉದುರುತ್ತದೆ ಎಂದು ಅಂದು ಕಣ್ಣಾರೆ ಕಂಡೆ. ಈಗ ನಮ್ಮ ಘಟಕದ ಮೊದಲ ಭೇಟಿಯ ಹಾಳೆಯಲ್ಲಿ 'ಧೂಮಪಾನ' ಎಂಬ ಸಾಲಿಲ್ಲ. ಸೇದುವುದು, ಅಗಿಯುವುದು, ದವಡೆಗಿಡುವುದು, ಸುತ್ತುವುದು ಎಂದು ನಾಲ್ಕು ಸಾಲುಗಳಿವೆ. ನಾಲ್ಕನೆಯದರ ಮುಂದೆ 'ಮನೆಯಲ್ಲಿ ಯಾರು?' ಎಂದಿದೆ.

ಬೆರಳು

ಹದಿನಾಲ್ಕನೆಯ ತಿಂಗಳು. ಆತ ಈಗ ಗಿರಣಿಯ ತೂಕದ ಸೇತುವೆಯ ಬಳಿ ಕೂತು ಚೀಟಿ ಬರೆಯುತ್ತಾನೆ, ಮೆತ್ತನೆಯ ಅಟ್ಟೆಯ ಚಪ್ಪಲಿ ಹಾಕಿ ಮನೆಗೆ ನಡೆದೇ ಹೋಗುತ್ತಾನೆ. ತಪಾಸಣೆಗೆ ಬಂದವನು ಬಲಗಾಲನ್ನು ತಾನಾಗಿ ಎತ್ತಿ ತೋರಿಸಿದ. ಗಾಯದ ಗುರುತು ಮಾಸಿತ್ತು. ಎಡಗೈ ಮಾತ್ರ ಜೇಬಿನಲ್ಲೇ ಇತ್ತು.

ತೆಗೆಸಿ ನೋಡಿದೆ. ತೋರುಬೆರಳ ಉಗುರಿನ ಪಕ್ಕ ಅಕ್ಕಿಕಾಳಿನಷ್ಟು ಹುಣ್ಣು, ತುದಿ ತಣ್ಣಗೆ. ಮೊದಲ ದಿನವೇ ಬರೆದಿಟ್ಟು ಮರೆತ ಕೈ. ಬಾಮೈದನ ಮದುವೆಯಲ್ಲಿ ಮೂರು ದಿನ, ಎಂದ. ದಿನಕ್ಕೆ ಎಷ್ಟು ಎಂದು ನಾನು ಕೇಳಲಿಲ್ಲ. ಕಾಲಿಗೆ ಹಾಕಿದ್ದು ಕೈಯನ್ನು ಕಾಯುವುದಿಲ್ಲವಾ ಎಂದು ಆತ ಕೇಳಿದ. ಇಲ್ಲ ಎಂದೆ, ಅದು ಹಾಕಿದ ಜಾಗದಲ್ಲಿ ಮಾಡಿದ್ದಷ್ಟೇ, ರೋಗ ಇರುವುದು ಮೈಯೆಲ್ಲ.

"ಮತ್ತೆ ಕೈಗೂ ಹಾಕ್ಬಿಡಿ ಸಾರ್" ಎಂದ, ಅರ್ಧ ತಮಾಷೆಯಾಗಿ.

ಹೆಂಡತಿ ಮಾತಾಡಲಿಲ್ಲ. ಮೂತ್ರದ ಡಬ್ಬಿ ತೆಗೆದುಕೊಂಡು ಆತನ ಕೈಗಿಟ್ಟಳು, ಶೌಚಾಲಯದ ಕಡೆ ತೋರಿಸಿದಳು.